ಶೆಲ್ ಟೆಸ್ಟ್ ಬಾಡಿಯೊಳಗೆ ಸಿಂಗಲ್ ಕೋಟ್: ಒಂದು ಟೆಸ್ಟ್ ಓಡುವುದೇ ಇಲ್ಲ, ಇನ್ನೊಂದು ಸುಮ್ಮನೆ ಪಾಸ್

ಪ್ರಶ್ನೆ

ಗಿಟ್‌ನ (ಕೋಡಿನ ಆವೃತ್ತಿಗಳನ್ನು ಕಾಯುವ ಉಪಕರಣ) ಟೆಸ್ಟ್ ಚೌಕಟ್ಟಿನಲ್ಲಿ ಬರೆದದ್ದು; ಮೊದಲ ಕೋಟ್‌ನಲ್ಲಿರುವುದು ಶೀರ್ಷಿಕೆ, ಎರಡನೆಯದು ಬಾಡಿ, ಎಂದರೆ ಓಡಬೇಕಾದ ಆಜ್ಞೆಗಳು (ಓದಲು ಸುಲಭವಾಗಲೆಂದು ಎಲ್ಲ ಕನ್ನಡ ಲಿಪಿಯಲ್ಲಿದೆ):

ಟೆಸ್ಟ್_ಎಕ್ಸ್‌ಪೆಕ್ಟ್_ಸಕ್ಸೆಸ್ 'ಇಲ್ಲದ ಕಡತ' '
  ಟೆಸ್ಟ್_ಮಸ್ಟ್_ಫೇಲ್ ಗಿಟ್ ಆಡ್ "ಹೊಸ ಕಡತ" 2>ದೋಷ &&
  ಗ್ರೆಪ್ "'ಹೊಸ ಕಡತ'" ದೋಷ
'

ಶೀರ್ಷಿಕೆ ಪ್ರಿರೆಕ್ವಿಸಿಟ್‌ನಂತೆ (ಟೆಸ್ಟ್ ಓಡಲು ಮೊದಲೇ ಇರಬೇಕಾದ ಷರತ್ತು) ಕಾಣುತ್ತಿಲ್ಲ ಎಂದು ಗದರಿ ಸ್ಕ್ರಿಪ್ಟ್ ನಿಲ್ಲುತ್ತದೆ. ಕಡತದ ಹೆಸರಿನಲ್ಲಿ ಸ್ಪೇಸ್ ತೆಗೆದರೆ ಪಾಸ್. ಬಾಡಿಗೆ ಡಬಲ್ ಕೋಟ್ ಹಾಕಿದರೆ ಒಳಗೆ ಸೆಟ್ ಮಾಡಿದ ವೇರಿಯಬಲ್ ಖಾಲಿ. ಏನಾಗುತ್ತಿದೆ?

ಉತ್ತರ 1

ಗ್ರೆಪ್ (ಕಡತದಲ್ಲಿ ಪಠ್ಯ ಹುಡುಕುವ ಆಜ್ಞೆ) ಸಾಲಿನ ಮೊದಲ ' ಬಂದ ಕೂಡಲೇ ನಿಮ್ಮ ಬಾಡಿ ಮುಗಿಯಿತು. ಹೊರಗಿರುವ " ಆ ಹೊತ್ತಿಗೆ ಬರೀ ಅಕ್ಷರ, ಅದು ಏನನ್ನೂ ಕಾಯುವುದಿಲ್ಲ. ಆಮೇಲಿನ ಹೊಸ ಎಂಬುದು ಕೋಟ್ ಇಲ್ಲದೆ ಹಿಂದಿನದಕ್ಕೆ ಅಂಟಿಕೊಂಡಿತು. ಸ್ಪೇಸ್ ಬಂತು, ಪದ ಕತ್ತರಿಸಿತು. ಕಡತ ಮತ್ತು ಉಳಿದದ್ದು ಮೂರನೇ ಆರ್ಗ್ಯುಮೆಂಟ್. ಈ ಫಂಕ್ಷನ್‌ಗೆ ಮೂರು ಸಿಕ್ಕರೆ ಮೊದಲನೆಯದು ಪ್ರಿರೆಕ್ವಿಸಿಟ್ ಎಂದರ್ಥ, ಹಾಗಾಗಿ ಶೀರ್ಷಿಕೆ ಆ ಜಾಗಕ್ಕೆ ಹೋಯಿತು. ಅದು ಗದರಿದ್ದೇ ಪುಣ್ಯ: ಆ ತಪಾಸಣೆ ಇಲ್ಲದ ಹಳೆಯ ಆವೃತ್ತಿಗಳಲ್ಲಿ ಟೆಸ್ಟ್ ಸ್ಕಿಪ್ ಆಗಿ ಸಾಲಿನ ಮುಂದೆ ಓಕೆ ಎಂದೇ ಬರುತ್ತಿತ್ತು.

ನಿಜವಾಗಿ ಹೆದರಬೇಕಾದದ್ದು ಸ್ಪೇಸ್ ಇಲ್ಲದ ರೂಪಕ್ಕೆ. ಅಲ್ಲಿ ಪದ ಒಡೆಯುವುದಿಲ್ಲ, ಕೋಟ್‌ಗಳಷ್ಟೇ ಮಾಯ. ಕೊನೆಗೆ ಓಡುವುದು ಗ್ರೆಪ್ "ಹೊಸಕಡತ" ದೋಷ. ನಾಳೆ ದೋಷಸಂದೇಶದಿಂದ ಕೋಟ್ ಬಿಟ್ಟುಹೋದರೂ ಈ ಟೆಸ್ಟ್ ಪಾಸ್.

ಡಬಲ್ ಕೋಟ್ ವಿಷಯ: ಬಾಡಿ ಇವ್ಯಾಲ್ ಆಗುವುದು (ಸ್ಟ್ರಿಂಗ್ ಆಜ್ಞೆಯಾಗಿ ಓಡುವುದು) ಆಮೇಲೆ, $ ಇರುವ ವೇರಿಯಬಲ್ ತನ್ನ ಬೆಲೆಗೆ ಬಿಡಿಸಿಕೊಳ್ಳುವುದು ಫಂಕ್ಷನ್ ಕರೆಯುವ ಮೊದಲೇ. ಆಗಿನ್ನೂ ವೇರಿಯಬಲ್ ಹುಟ್ಟಿಲ್ಲ. ಪ್ರತಿ $ ಮುಂದೆ \ ಹಾಕಬಹುದು, ಆದರೆ ಒಂದು ಮರೆತರೆ ಅಷ್ಟೇ.

ಒಂದೆರಡು ಕಡೆ ಮಾತ್ರ ಬೇಕಿದ್ದರೆ ' ಬದಲು '\'' ಬರೆಯಿರಿ: ಮುಚ್ಚು, ಒಂದು ಕೋಟ್ ಇಡು, ಮತ್ತೆ ತೆರೆ. ಓದಲು ಕಷ್ಟವೆನಿಸಿದರೆ ಚೌಕಟ್ಟಿನಲ್ಲೇ ಎಸ್‌ಕ್ಯೂ ಎಂಬ ವೇರಿಯಬಲ್ ಇದೆ, ಅದರ ಬೆಲೆ ಒಂದು '. ಗ್ರೆಪ್‌ನಲ್ಲಿ ಕೋಟ್ ಬದಲು ಚುಕ್ಕೆ ಹಾಕುವವರೂ ಇದ್ದಾರೆ; ನಡೆಯುತ್ತದೆ, ಆದರೆ ಚುಕ್ಕೆ ಯಾವ ಅಕ್ಷರಕ್ಕೂ ಹೂಂ ಅನ್ನುತ್ತದೆ.

ಉತ್ತರ 2

2024ರಲ್ಲಿ ಗಿಟ್‌ನ ಚೌಕಟ್ಟಿಗೆ ಇನ್ನೊಂದು ದಾರಿ ಸೇರಿತು. ಬಾಡಿಯ ಜಾಗದಲ್ಲಿ ಬರೀ - ಕೊಟ್ಟು ಹಿಯರ್‌ಡಾಕ್‌ನಲ್ಲಿ (ಕೊನೆಪದ ಬರುವವರೆಗಿನ ಸಾಲುಗಳನ್ನು ಆಜ್ಞೆಗೆ ಕೊಡುವ ವಿಧಾನ) ಬರೆಯಿರಿ:

ಟೆಸ್ಟ್_ಎಕ್ಸ್‌ಪೆಕ್ಟ್_ಸಕ್ಸೆಸ್ 'ಇಲ್ಲದ ಕಡತ' - <<\ಮುಗಿಯಿತು
  ಗ್ರೆಪ್ "'ಹೊಸ ಕಡತ'" ದೋಷ
ಮುಗಿಯಿತು

ಆ \ ಬಿಟ್ಟರೆ $ ಎಲ್ಲ ಮೊದಲೇ ಬಿಡಿಸಿಕೊಂಡು ಡಬಲ್ ಕೋಟ್‌ನ ಪಾಡೇ. ಒಳಗೆ ಇನ್ನೊಂದು ಹಿಯರ್‌ಡಾಕ್ ಇದ್ದರೆ ಅದರ ಕೊನೆಪದ ಬೇರೆಯದಿರಲಿ.

ಶೆಲ್‌ಚೆಕ್ (ಶೆಲ್ ಸ್ಕ್ರಿಪ್ಟಿನ ತಪ್ಪು ಹುಡುಕುವ ಉಪಕರಣ) ಇದ್ದರೂ ನೆಮ್ಮದಿ ಬೇಡ. ಸಿಂಗಲ್ ಕೋಟ್ ಬಾಡಿ ಅದಕ್ಕೆ ಬರೀ ಸ್ಟ್ರಿಂಗ್. ಒಳಗಿನ ಕೋಟ್ ಇಲ್ಲದ ವೇರಿಯಬಲ್‌ಗೆ ಎಸ್‌ಸಿ2086 (ಕೋಟ್ ಹಾಕಿ ಎಂಬ ಎಚ್ಚರಿಕೆ) ಬರುವುದಿಲ್ಲ. ಬದಲಿಗೆ ಬೇಡದ ಎಸ್‌ಸಿ2016 (ಸಿಂಗಲ್ ಕೋಟ್ ಒಳಗೆ $ ಬಿಡಿಸಿಕೊಳ್ಳದು ಎಂಬ ಎಚ್ಚರಿಕೆ) ಬರುತ್ತದೆ.

ಉತ್ತರ 3

! ಇರುವ ಸಾಲುಗಳನ್ನೂ ಒಮ್ಮೆ ನೋಡಿ.

! ಗ್ರೆಪ್ "ಹೊಸ" $ದಾರಿ/ದೋಷ

ಗಿಟ್ ಟೆಸ್ಟ್ ಓಡುವ ಡೈರೆಕ್ಟರಿಯ ಹೆಸರು ಟ್ರ್ಯಾಶ್ ಡೈರೆಕ್ಟರಿ ಎಂದು ಶುರುವಾಗುತ್ತದೆ. ನಡುವಿನ ಸ್ಪೇಸ್ ಇಂಥ ತಪ್ಪು ಹಿಡಿಯಲೆಂದೇ ಇಟ್ಟದ್ದು. ಆದರೆ ಇಲ್ಲಿ ಅದು ಸಿಗುವುದಿಲ್ಲ. $ದಾರಿ ಆ ಡೈರೆಕ್ಟರಿಯ ಪೂರ್ಣ ವಿಳಾಸವಾದರೆ ಸ್ಪೇಸ್ ಇರುವಲ್ಲಿ ಎರಡು ತುಂಡಾಗುತ್ತದೆ, ಎರಡೂ ಕಡತ ಇಲ್ಲ, ಗ್ರೆಪ್ 2 ಹಿಂತಿರುಗಿಸುತ್ತದೆ. ! ಎಂಬುದು ಸೋಲನ್ನು ಗೆಲುವಾಗಿ ತಿರುಗಿಸುತ್ತದೆ; ಅದಕ್ಕೆ 1 (ಸಿಗಲಿಲ್ಲ) ಮತ್ತು 2 (ದೋಷ) ಎರಡೂ ಸೋಲೇ, ಆದ್ದರಿಂದ ಪಾಸ್. [ $1 = "ಸರಿ" ] ಕೂಡ ಹಾಗೆಯೇ: $1 ಖಾಲಿಯಾದರೆ [ = "ಸರಿ" ] ಆಗಿ 2 ಬರುತ್ತದೆ, ಮುಂದೆ ! ಇದ್ದರೆ ಗೆದ್ದಂತೆ.

"$ದಾರಿ/ದೋಷ" ಎಂದು ಕೋಟ್ ಹಾಕಿ. ಜೊತೆಗೆ ಬರಿಯ ಗ್ರೆಪ್ ಬಿಟ್ಟು ಟೆಸ್ಟ್_ಗ್ರೆಪ್ ! ಬಳಸಿ, ಕೊನೆಯ ಆರ್ಗ್ಯುಮೆಂಟ್ ಇರುವ ಕಡತವಲ್ಲದಿದ್ದರೆ ಅದು ಅಲ್ಲೇ ನಿಲ್ಲಿಸುತ್ತದೆ.

ಪ್ರಶ್ನೆ ಕೇಳಿದವರು

ಹಿಯರ್‌ಡಾಕ್‌ಗೆ ಬದಲಿಸಿದೆ, ಸ್ಪೇಸ್ ಇದ್ದೂ ಓಡಿತು. ! ಗ್ರೆಪ್ ಹುಡುಕಿದರೆ ಕೋಟ್ ಇಲ್ಲದವು ನಾಲ್ಕು ಸಿಕ್ಕವು. ಕೋಟ್ ಹಾಕಿದ ಮೇಲೆ ಒಂದು ಫೇಲ್ ಆಗುತ್ತಿದೆ, ಅದು ಕೋಡಿನದೇ ತಪ್ಪು.