ಆಕ್ಟೇವಿಯಾ ಆರ್‌ಎಸ್ 1.8 ಟರ್ಬೊ: 3ನೇ ಬಿಗ್ ಎಂಡ್ ಬೇರಿಂಗ್ ಹೋಗಿದೆ, ಬರೀ ಬೇರಿಂಗ್ ಹಾಕಿದ್ರೆ ಸಾಕಾ?

ಬನಶಂಕರಿ ಬೂಸ್ಟ್:
ಗಾಡಿ 2005ರದ್ದು, ಸೆಕೆಂಡ್ ಹ್ಯಾಂಡ್. ರೀಮ್ಯಾಪ್ ಆಗಿದೆ (ಪವರ್ ಜಾಸ್ತಿ ಮಾಡೋಕೆ ಎಂಜಿನ್ ಕಂಪ್ಯೂಟರಿನ ಫೈಲ್ ಬದಲಾಯಿಸಿದಾರೆ), ಟರ್ಬೊ ಮಾತ್ರ ಕಂಪನಿದೇ. ಮೊನ್ನೆ ನೈಸ್ ರೋಡಲ್ಲಿ ಥರ್ಡ್ ಗೇರಲ್ಲಿ ಎಳೆದು ಕಾಲು ತೆಗೆದ ತಕ್ಷಣ ಕೆಳಗಿಂದ ಟಕಟಕ ಶಬ್ದ. ಆಯಿಲ್ ದೀಪ ಹತ್ತಲಿಲ್ಲ, ಡಿಪ್‌ಸ್ಟಿಕ್ಕಲ್ಲಿ ಲೆವೆಲ್ಲೂ ಸರಿ ಇತ್ತು. ಅಲ್ಲೇ ಆಫ್ ಮಾಡಿ ಟೋ ಮಾಡಿಸಿದೆ.

ಗ್ಯಾರೇಜಲ್ಲಿ 3ನೇ ಸಿಲಿಂಡರಿನ ಕಾಯಿಲ್, ಇಂಜೆಕ್ಟರ್ ಸಾಕೆಟ್ ಕಿತ್ತಾಗ ಶಬ್ದ ಚೆನ್ನಾಗೇ ಕಮ್ಮಿ ಆಯ್ತು. ಚೇಂಬರ್ (ಎಂಜಿನ್ ಕೆಳಗಿನ ಆಯಿಲ್ ತಟ್ಟೆ) ಇಳಿಸಿದ್ರೆ ಬಿಗ್ ಎಂಡ್ ಬೇರಿಂಗ್, ಅಂದ್ರೆ ಪಿಸ್ಟನ್ನಿನ ರಾಡ್ ಕ್ರ್ಯಾಂಕಿಗೆ ಕೂರೋ ಕಡೆದು, ತಾಮ್ರ ಕಾಣೋವಷ್ಟು ಸವೆದಿದೆ, ಅದು ಕೂರೋ ಕ್ರ್ಯಾಂಕಿನ ದುಂಡು ಭಾಗ (ಜರ್ನಲ್) ಮೇಲೆ ಉಗುರು ಸಿಕ್ಕಿಕೊಳ್ಳೋ ಗೀರು. ಮೆಕ್ಯಾನಿಕ್ ಹೇಳೋದು, "ಎಮರಿ ಹೊಡೆದು ಸ್ಟ್ಯಾಂಡರ್ಡ್ ಬೇರಿಂಗ್ ಹಾಕ್ತೀನಿ ಸಾರ್, ಎಂಜಿನ್ ಇಳಿಸೋದೇ ಬೇಡ." ಸ್ನೇಹಿತ ಒಬ್ಬ ಗುಜರಿಯಿಂದ ಹಾಫ್ ಎಂಜಿನ್ (ಹೆಡ್ ಇಲ್ಲದ ಕೆಳಭಾಗ) ತಂದುಬಿಡು ಅಂತಾನೆ. ಏನ್ಮಾಡ್ಲಿ?

ಗುಜರಿ ಗಿರಾಕಿ:
ಹಾಫ್ ಎಂಜಿನ್ ಅಂದ್ರೆ ಬ್ಲಾಕ್ ಬದಲಾದಂಗೆ. ಎಂಜಿನ್ ನಂಬರ್ ಬೇರೆ ಆಗುತ್ತೆ, ಆರ್‌ಟಿಒದಲ್ಲಿ ಅನುಮತಿ ತಗೊಂಡು ಆರ್‌ಸಿಗೆ ಏರಿಸಬೇಕು. ಇಲ್ದಿದ್ರೆ ನಾಳೆ ಇನ್ಶೂರೆನ್ಸ್ ಕ್ಲೇಮಲ್ಲಿ ತಕರಾರು. ಅಲ್ಲದೆ ಅದರ ಹೊಟ್ಟೆಯೊಳಗೆ ಏನಿದೆ ಅಂತ ನೋಡೋಕೆ ಅದನ್ನೂ ಬಿಚ್ಚಲೇಬೇಕು ಗುರು. ನಿಮ್ಮದನ್ನೇ ಮಾಡಿಸಿ.

ಮೈಕ್ರೋಮೀಟರ್:
ಉಗುರಿಗೆ ಸಿಗೋ ಗೀರು ಎಮರಿಗೆ ಹೋಗಲ್ಲ. ಹೋಗೋ ತನಕ ಉಜ್ಜಿದ್ರೆ ಜರ್ನಲ್ ದುಂಡಗೆ ಉಳಿಯಲ್ಲ. ಅದರ ಅಳತೆ ಸುಮಾರು 47.8 ಮಿ.ಮೀ. ಕ್ಲಿಯರೆನ್ಸ್ (ಜರ್ನಲಿಗೂ ಬೇರಿಂಗಿಗೂ ನಡುವಿನ ಸಂದಿ) ಬೇಕಿರೋದು ಹೆಚ್ಚುಕಮ್ಮಿ ಅದರ ಸಾವಿರದಲ್ಲೊಂದು ಪಾಲು, ಅಂದ್ರೆ 0.04–0.05 ಮಿ.ಮೀ. ಕೈಯಲ್ಲಿ ಪಟ್ಟಿ ಎಳೆದು ಆ ಲೆಕ್ಕ ಉಳಿಸ್ತೀನಿ ಅನ್ನೋರನ್ನ ನಾನಂತೂ ನಂಬಲ್ಲ. ಕ್ರ್ಯಾಂಕ್ ಈಚೆ ಬರಲೇಬೇಕು.

ಅದಕ್ಕೂ ಮುಂಚೆ ಬೇರಿಂಗ್ ಯಾಕೆ ಹೋಯ್ತು ಅಂತ ಗೊತ್ತಾಗಲಿ. ಸ್ಟ್ರೈನರ್ (ಪಂಪಿಗೆ ಆಯಿಲ್ ಹೋಗೋ ಬಾಯಿಯ ಜಾಲರಿ) ನೋಡಿದ್ರಾ? ರಾಡ್ ಬೇರಿಂಗ್, ಮೇನ್ ಬೇರಿಂಗ್ (ಕ್ರ್ಯಾಂಕ್ ಬ್ಲಾಕಿಗೆ ಕೂರೋ ಕಡೆದು) ಎಲ್ಲಾ ಬಿಚ್ಚಿ, ಮೇಲಿನ ಶೆಲ್ (ಬೇರಿಂಗಿನ ಅರ್ಧ ಭಾಗ) ಯಾವುದು ಕೆಳಗಿಂದು ಯಾವುದು ಅಂತ ಬರೆದು ಸಾಲಾಗಿ ಇಡಿ. ರಾಡಿನ ಮೇಲಿನ ಶೆಲ್ಲುಗಳು ಮಾತ್ರ ಜಜ್ಜಿದಂಗಿದ್ರೆ ನಾಕಿಂಗ್ (ಸಿಲಿಂಡರಲ್ಲಿ ಪೆಟ್ರೋಲ್ ತಾನಾಗೇ ಸಿಡಿಯೋದು), ರೀಮ್ಯಾಪ್ ಫೈಲ್ ನೋಡಬೇಕು. ಗೀರುಗಳ ಮಧ್ಯೆ ಚೂರು ಹುದುಗಿದ್ರೆ ಆಯಿಲಲ್ಲಿ ಕಸ. ಎಲ್ಲವೂ ಒರೆಸಿ ತೆಗೆದಂಗಿದ್ರೆ ಆಯಿಲ್ಲೇ ಬಂದಿಲ್ಲ.

ಬನಶಂಕರಿ ಬೂಸ್ಟ್:
ಎಂಜಿನ್ ಇಳಿಸಿ ಎಲ್ಲಾ ಬಿಚ್ಚಿಸಿದೆ. ನಾಲ್ಕೂ ರಾಡ್ ಬೇರಿಂಗ್ ಒರೆಸಿದಂಗಿವೆ, 3ನೇದು ತೀರಾ ಅತಿ. ಮೇನ್ ಬೇರಿಂಗ್ ಪರವಾಗಿಲ್ಲ. ಸ್ಟ್ರೈನರ್ ಜಾಲರಿಯಲ್ಲಿ ಕಪ್ಪು ಸಿಲಿಕಾನ್ ತುಣುಕುಗಳು, ಅರ್ಧಕ್ಕಿಂತ ಜಾಸ್ತಿ ಮುಚ್ಚಿಹೋಗಿದೆ!

ಮೈಕ್ರೋಮೀಟರ್:
ಸಿಕ್ತಲ್ಲ. ಈ ಎಂಜಿನ್ನಿನ ಚೇಂಬರಿಗೆ ಗ್ಯಾಸ್ಕೆಟ್ ಇಲ್ಲ, ಸಿಲಿಕಾನ್ ಸೀಲಂಟೇ ಗತಿ. ಹಿಂದೆ ಯಾರೋ ಟೂತ್‌ಪೇಸ್ಟ್ ಹಿಂಡಿದಂಗೆ ಹಿಂಡಿದಾರೆ. ಹೊರಗೆ ಬಂದಿದ್ದನ್ನ ಒರೆಸ್ತಾರೆ, ಒಳಗೆ ಉಬ್ಬಿದ್ದು ಕಿತ್ತು ಬಂದು ಜಾಲರಿಗೆ ಕೂರುತ್ತೆ. ಐಡಲಲ್ಲಿ ಪಂಪ್ ಎಳೆಯೋದು ಕಮ್ಮಿ, ಹೆಂಗೋ ನಡೆಯುತ್ತೆ. 6000 ಆರ್‌ಪಿಎಂನಲ್ಲಿ ಪಂಪ್ ಕೇಳಿದಷ್ಟು ಜಾಲರಿ ಬಿಡಲ್ಲ. ದೀಪದ ಸ್ವಿಚ್ ಇರೋದು ಸುಮಾರು 1.4 ಬಾರ್ ಆಯಿಲ್ ಪ್ರೆಷರಿಗೆ, ಅಷ್ಟು ವೇಗದಲ್ಲಿ 2 ಬಾರ್ ಇದ್ರೂ ಬೇರಿಂಗ್ ಸಾಯುತ್ತೆ, ದೀಪ ಮಾತ್ರ ಸುಮ್ಮನಿರುತ್ತೆ. ಗೇಜ್ ಹಾಕಿಸಿಕೊಳ್ಳಿ.

ಈಗ ಬೇರಿಂಗಿನ ಚೂರು ಎಲ್ಲೆಲ್ಲಿ ಹೋಗಿದೆ ಅಂತ ಹುಡುಕಬೇಕು. ರೀಬಿಲ್ಡ್ ಆಗಿ ತಿಂಗಳಲ್ಲೇ ಮತ್ತೆ ಶಬ್ದ ಬರೋ ಎಂಜಿನ್ನುಗಳ ಕಥೆ ಬಹಳಷ್ಟು ಇಲ್ಲೇ ಇರುತ್ತೆ. ಫಿಲ್ಟರ್ ಎಲ್ಲಾ ಹಿಡಿಯುತ್ತೆ ಅನ್ಕೋಬೇಡಿ, ತಣ್ಣಗಿನ ದಪ್ಪ ಆಯಿಲಿಗೆ ಬೈಪಾಸ್ ವಾಲ್ವ್ ತೆರೆದು ಚೂರು ಸೀದಾ ಒಳಗೆ ಹೋಗುತ್ತೆ. ಫಿಲ್ಟರ್ ಹತ್ತಿರದ ಆಯಿಲ್ ಕೂಲರ್ ಹೊಸದೇ ಹಾಕಿ, ಅದರ ಒಳಗಿನ ಸಂದಿ ಯಾವ ಡೀಸೆಲ್ಲಿಗೂ ಪೆಟ್ರೋಲಿಗೂ ತೊಳೆದು ಹೋಗಲ್ಲ. ಆಯಿಲ್ ಪಂಪ್ ಬಿಚ್ಚಿ ಗೇರ್ ಮೇಲೆ ಗೀರಿದ್ರೆ ಬದಲಾಯಿಸಿ. ಪಿಸ್ಟನ್ ಕೆಳಗಿನ ಆಯಿಲ್ ಜೆಟ್, ಹೆಡ್ಡಲ್ಲಿ ಕ್ಯಾಮ್ ಚೈನ್ ಟೆನ್ಷನರ್, ಟರ್ಬೊಗೆ ಹೋಗೋ ಸಣ್ಣ ಪೈಪು ಇವನ್ನೂ ಬಿಡಬೇಡಿ. ಬ್ಲಾಕಿನ ಗ್ಯಾಲರಿ (ಆಯಿಲ್ ಹರಿಯೋ ದಾರಿ) ಪ್ಲಗ್ ತೆಗೆಸಿ ಉದ್ದನೆ ಬ್ರಷ್ ಆಡಿಸಿ. ಬರೀ ಏರ್ ಹೊಡೆದ್ರೆ ಚೂರು ಇನ್ನೊಂದು ಮೂಲೆಗೆ ಹೋಗುತ್ತೆ ಅಷ್ಟೆ.

ಕ್ರ್ಯಾಂಕನ್ನ ಪೀಣ್ಯ ಕಡೆ ಒಳ್ಳೆ ಗ್ರೈಂಡಿಂಗ್ ಶಾಪಿಗೆ ಕೊಡಿ. ಮೊದಲು ಕ್ರ್ಯಾಕ್ ಟೆಸ್ಟ್, ಆಮೇಲೆ ಬೆಂಡ್ ಚೆಕ್, ಆಮೇಲೆ ನಾಲ್ಕೂ ರಾಡ್ ಜರ್ನಲ್ 0.25 ಮಿ.ಮೀ. ಅಂಡರ್‌ಸೈಜ್ (ಅಷ್ಟು ಸಣ್ಣ ಮಾಡಿ, ಅದಕ್ಕೆ ತಕ್ಕ ದಪ್ಪದ ಬೇರಿಂಗ್ ಹಾಕೋದು). ಬೇರಿಂಗ್ ಸೆಟ್ ಕೈಗೆ ಬಂದ ಮೇಲೇ ಕಲ್ಲು ಮುಟ್ಟಿಸಿ. ಜರ್ನಲ್ ಅಂಚಿನ ರೇಡಿಯಸ್ ಉಳಿಸೋಕೆ ಹೇಳಿ. ಅಲ್ಲಿ ಚೂಪು ಮೂಲೆ ಬಿಟ್ರೆ ಕ್ರ್ಯಾಂಕ್ ಬಿರುಕು ಬಿಡೋದು ಅಲ್ಲಿಂದಲೇ. 3ನೇ ರಾಡಿನ ಬಿಗ್ ಎಂಡ್ ನೀಲಿ ತಿರುಗಿದ್ರೆ ರಾಡ್ ಬಿಸಾಕಿ. ಒಡೆದು ಜೋಡಿಸಿದ ಕ್ಯಾಪಿನ ರಾಡಾದ್ರೆ ಕ್ಯಾಪ್ ಮುಖ ಉಜ್ಜಿ ಬೋರ್ ಮಾಡಿಸೋ ಹಳೇ ವಿದ್ಯೆ ನಡೆಯಲ್ಲ, ಬೇರೆ ರಾಡೇ ಹಾಕಬೇಕು. ತೂಕ ಮಿಕ್ಕ ಮೂರಕ್ಕೆ ಹೊಂದಿಸಿ.

ರಾಡ್ ಬೋಲ್ಟ್ ಒಂದ್ಸಲ ಎಳೆದು ಕೂರೋ ಜಾತಿ, ಹೊಸದೇ ಬೇಕು: 30 ನ್ಯೂಟನ್ ಮೀಟರ್, ಮೇಲೆ 90 ಡಿಗ್ರಿ. ಮೇನ್ ಕ್ಯಾಪಿಗೆ 65, ಮೇಲೆ 90 ಡಿಗ್ರಿ. ಪ್ಲಾಸ್ಟಿಗೇಜ್ (ಒತ್ತಿದಾಗ ಚಪ್ಪಟೆಯಾಗಿ ಸಂದಿ ತೋರಿಸೋ ಪ್ಲಾಸ್ಟಿಕ್ ಎಳೆ) ಇಟ್ಟು ಕ್ಲಿಯರೆನ್ಸ್ ನೋಡೋವಾಗ ಹಳೇ ಬೋಲ್ಟ್ ಬಳಸಿ, ಕ್ರ್ಯಾಂಕ್ ತಿರುಗಿಸಬೇಡಿ.

ಬೆಳಗಿನ ಡ್ರೈವ್:
ರನ್ನಿಂಗ್ ಇನ್ (ರೀಬಿಲ್ಡ್ ಎಂಜಿನ್ ಪಳಗಿಸೋ ಓಟ) ದಯವಿಟ್ಟು ಸಿಲ್ಕ್ ಬೋರ್ಡ್ ಟ್ರಾಫಿಕ್ಕಲ್ಲಿ ಬೇಡ. ಗಂಟೆಗಟ್ಟಲೆ ಐಡಲಲ್ಲಿ ನಿಂತ್ರೆ ಹೊಸ ರಿಂಗ್ ಕೂರಲ್ಲ. ಬೆಳಗಿನ ಜಾವ ಕನಕಪುರ ರೋಡ್, ವೇಗ ಏರಿಸಿ ಇಳಿಸಿ, ಬೂಸ್ಟ್ ಕಮ್ಮಿ.

ಬನಶಂಕರಿ ಬೂಸ್ಟ್:
ಅಪ್‌ಡೇಟ್. ಕ್ರ್ಯಾಂಕ್ 0.25ಕ್ಕೆ ಕೂತಿತು, ನಾಲ್ಕೂ ಕಡೆ ಕ್ಲಿಯರೆನ್ಸ್ 0.04 ಆಸುಪಾಸು. 3ನೇ ರಾಡ್ ಬದಲಾಯಿಸಿದೆ, ಬೋರ್ ಹೋನ್ ಮಾಡಿಸಿ ರಿಂಗ್ ಹೊಸದು, ಕೂಲರ್ ಹೊಸದು. ಸೀಲಂಟ್ ಹಚ್ಚೋವಾಗ ಪಕ್ಕದಲ್ಲೇ ನಿಂತಿದ್ದೆ, ಮೆಕ್ಯಾನಿಕ್‌ಗೆ ಸ್ವಲ್ಪ ಸಿಟ್ಟು ಬಂತು. ಇಂಜೆಕ್ಟರ್ ಸಾಕೆಟ್ ಕಿತ್ತು, ಪ್ರೆಷರ್ ಬರೋವರೆಗೆ ಸೆಲ್ಫ್ ಹೊಡೆದು ಆಮೇಲೆ ಸ್ಟಾರ್ಟ್. ಬಿಸಿಯಾದ ಮೇಲೆ 2000 ಆರ್‌ಪಿಎಂಗೆ 3.5 ಬಾರ್ ತೋರಿಸ್ತಿದೆ. ಮೊದಲ ಫಿಲ್ಟರ್ ಕತ್ತರಿಸಿ ನೋಡಿದೆ, ಮಡಿಕೆಗಳಲ್ಲಿ ಸಣ್ಣ ಮಿನುಗು ಇದೆ. ಹೆದರಬೇಕಾ?

ಮೈಕ್ರೋಮೀಟರ್:
ಮ್ಯಾಗ್ನೆಟ್ ಹಿಡೀರಿ. ಪುಡಿ ಅಂಟಿದ್ರೆ ರಿಂಗೂ ಬೋರೂ ಒಂದಕ್ಕೊಂದು ಹೊಂದಿಕೊಳ್ಳೋವಾಗ ಬರೋ ಕಬ್ಬಿಣ, ಈಗ ಸಹಜ. ಅಂಟದೆ ಇರೋ ಚಕ್ಕೆ, ಅದರಲ್ಲೂ ತಾಮ್ರದ ಬಣ್ಣದ್ದು ಕಂಡ್ರೆ ಗಾಡಿ ಓಡಿಸಬೇಡಿ, ಚೇಂಬರ್ ಇಳಿಸಿ. 500 ಕಿ.ಮೀ.ಗೆ ಆಯಿಲ್ ಬದಲಾಯಿಸಿ ಆ ಫಿಲ್ಟರನ್ನೂ ಕತ್ತರಿಸಿ, ಇದರ ಪಕ್ಕ ಇಟ್ಟು ಫೋಟೋ ಹಾಕಿ. ಅಲ್ಲಿವರೆಗೂ ರೀಮ್ಯಾಪ್ ತೆಗೆಸಿ, ಕಂಪನಿ ಫೈಲಲ್ಲೇ ಓಡಿಸಿ.