ಸಹಾಯ ಬೇಕು: ಡೀಪ್ ವಿಂಟರ್‌ನವರಿಗೆ ಯಾವ ಬಣ್ಣದ ಸ್ವಿಮ್‌ಸೂಟ್ ಒಪ್ಪುತ್ತದೆ?

ಎಲ್ಲರಿಗೂ ನಮಸ್ಕಾರ. ಹೊಸ ಸ್ವಿಮ್‌ಸೂಟ್ ತೆಗೆದುಕೊಳ್ಳಬೇಕು, ಬಣ್ಣದ ವಿಷಯದಲ್ಲಿ ನಿಮ್ಮ ಸಲಹೆ ಬೇಕಿತ್ತು. ಕೂದಲು, ಕಣ್ಣು, ಚರ್ಮದ ಬಣ್ಣ ನೋಡಿ ಯಾರಿಗೆ ಯಾವ ಬಣ್ಣ ಒಪ್ಪುತ್ತದೆ ಅಂತ 12 ಗುಂಪು (ಸೀಸನ್) ಮಾಡುವ ಲೆಕ್ಕದಲ್ಲಿ ನಾನು ಡೀಪ್ ವಿಂಟರ್. ಕಪ್ಪು ಕೂದಲು, ಕಡುಕಂದು ಕಣ್ಣು, ಚರ್ಮದ ಅಂಡರ್‌ಟೋನ್ (ಒಳಛಾಯೆ) ಕೂಲ್ ಕಡೆಗೆ, ಅಂದರೆ ಹಳದಿಗಿಂತ ನೀಲಿ-ಗುಲಾಬಿ ಕಡೆಗೆ.

ಕಪ್ಪು ಒಪ್ಪುತ್ತದೆ ಅಂತ ಗೊತ್ತು. ಆದರೆ ಕಪಾಟಿನ ತುಂಬ ಅದೇ ಇದೆ, ಸಾಕಾಗಿದೆ. ಪಚ್ಚೆ ಹಸಿರು, ಕಡು ನೇರಳೆ, ವೈನ್ ಕೆಂಪು, ರಾಯಲ್ ಬ್ಲೂ ಮೇಲೆ ಕಣ್ಣಿದೆ. ಪೀಚ್, ಸಾಸಿವೆ ಹಳದಿ ಬೇಡವೇ ಬೇಡ, ಮುಖ ಬಾಡಿದ ಹಾಗೆ ಕಾಣುತ್ತದೆ. ಅಚ್ಚ ಬಿಳಿ ನಮ್ಮ ಸೀಸನ್‌ನದೇ, ಆದರೆ ಒದ್ದೆಯಾದರೆ ಒಳಗಿನದೆಲ್ಲ ಕಾಣುವ ಭಯ. ಅಂಚಿನಲ್ಲಿ ಪಟ್ಟಿಯಾಗಿ ಇದ್ದರೆ ಸಾಕು.

ಮುಖ್ಯ ತಲೆನೋವು ಬೇರೆ. ನೀಲಿ ಮತ್ತು ಕಡು ಬಣ್ಣಗಳು ನೀರಿನೊಳಗೆ ಬೇಗ ಕಣ್ಣಿಗೆ ಬೀಳುವುದಿಲ್ಲ. ನಾನು ಸಮುದ್ರದಲ್ಲೂ ಈಜುತ್ತೇನೆ. ಸುರಕ್ಷತೆಗೆ ಎಲ್ಲರೂ ಹೇಳುವುದು ನಿಯಾನ್ ಕಿತ್ತಳೆ, ಅದೋ ನನಗೆ ಒಂಚೂರೂ ಆಗಿಬರದ ಬಣ್ಣ! ಫ್ಯೂಷಿಯಾ ಗುಲಾಬಿ ಹಾಕಿದರೆ ಎರಡೂ ಕೆಲಸ ಆಗಬಹುದಾ? ಅಥವಾ ಸೂಟ್ ಕಡು ಬಣ್ಣದ್ದೇ ಇರಲಿ, ತಲೆಗೆ ಕಿತ್ತಳೆ ಕ್ಯಾಪ್ ಹಾಕಿಕೊಂಡು ಜೊತೆಗೆ ತೇಲುವ ಗಾಳಿಚೀಲ (ಟೋ ಫ್ಲೋಟ್) ಕಟ್ಟಿಕೊಂಡರೆ ಸಾಕಾ? ನನ್ನ ಮನಸ್ಸು ಎರಡನೆಯದರ ಕಡೆಗೇ ಇದೆ.

ಇನ್ನೊಂದು ವಿಷಯ. ಕ್ಲೋರಿನ್‌ಗೆ ಗಾಢ ಬಣ್ಣ ಮಾಸುತ್ತದೆ, ನೈಲಾನ್‌ಗಿಂತ ಪಾಲಿಯೆಸ್ಟರ್ ಜಾಸ್ತಿ ತಡೆಯುತ್ತದೆ ಅಲ್ವಾ? ಪಾಲಿಯೆಸ್ಟರ್‌ನಲ್ಲಿ ನೇರಳೆ ಅಥವಾ ಪಚ್ಚೆ ಬಳಸಿದವರು ಬಣ್ಣ ಹೇಗೆ ಉಳಿದಿದೆ ಅಂತ ಹೇಳಿ. ಹಗಲು ಬೆಳಕಿನಲ್ಲಿ ತೆಗೆದ ಬಟ್ಟೆಯ ಫೋಟೋ ಇದ್ದರೆ ಸುಮ್ನೆ ಒಂದು ಹಾಕಿ. ಅಂಗಡಿಯವರ ಫೋಟೋದಲ್ಲಿ ವೈನ್ ಕೆಂಪೂ ಇಟ್ಟಿಗೆ ಕೆಂಪೂ ಒಂದೇ ಥರ ಕಾಣುತ್ತವೆ.