ಪದಚರ್ಚೆ: ಲಸಿಕೆಗೆ ‘ಹಿಂಜರಿಯುವವರೋ’, ‘ಹಿಂದೇಟು ಹಾಕುವವರೋ’? (ನಾಳೆ ಸಂಜೆ ಅಚ್ಚಿಗೆ ಹೋಗಬೇಕು)

ರಾಜಾಜಿನಗರದಿಂದ:

ಬಳಗದ ಹಿರಿಯರಿಗೆ ನಮಸ್ಕಾರ. ದಡಾರದ ಬಗ್ಗೆ ಒಂದು ಲೇಖನವನ್ನು ಕನ್ನಡಕ್ಕೆ ತರುವ ಕೆಲಸ ನನ್ನ ಕೈಯಲ್ಲಿದೆ. ಅದರ ಜೊತೆಗೆ ಅದೇ ವಿಷಯವನ್ನು ನಾಲ್ಕೈದು ಸಾಲಿಗೆ ಇಳಿಸಿ, ನಗರದ ಆರೋಗ್ಯ ಕೇಂದ್ರವೊಂದರ ಗೋಡೆಗೆ ಹಾಕುವ ಫಲಕವನ್ನೂ ಬರೆದುಕೊಡಬೇಕು. ಲೇಖನವು 2025ರ ಜನವರಿಯಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದ ಗೇನ್ಸ್ ಕೌಂಟಿಯಲ್ಲಿ ಶುರುವಾದ ದಡಾರವನ್ನು ಕುರಿತದ್ದು. ಆಗಸ್ಟ್‌ನಲ್ಲಿ ಅದು ಮುಗಿಯಿತೆಂದು ಘೋಷಿಸುವ ಹೊತ್ತಿಗೆ ಆ ರಾಜ್ಯವೊಂದರಲ್ಲೇ 762 ಮಂದಿಗೆ ರೋಗ ತಗುಲಿತ್ತು. ಲಸಿಕೆ ಹಾಕಿಸಿರದ ಇಬ್ಬರು ಶಾಲಾ ಮಕ್ಕಳು ತೀರಿಕೊಂಡಿದ್ದರು. ಹೆತ್ತವರು ‘ಮನಸ್ಸಾಕ್ಷಿಯ ಕಾರಣ’ ಎಂದು ಬರೆದುಕೊಟ್ಟರೆ ಅಲ್ಲಿ ಲಸಿಕೆಯಿಲ್ಲದೆಯೂ ಮಗುವನ್ನು ಶಾಲೆಗೆ ಸೇರಿಸಿಕೊಳ್ಳುತ್ತಾರೆ. ಲೇಖನದ ಅರ್ಧಭಾಗ ಈ ರಿಯಾಯಿತಿಯ ಸುತ್ತಲಿನ ಜಗಳವೇ ಆಗಿದೆ.

ನನ್ನ ತೊಡಕು ‘ವ್ಯಾಕ್ಸಿನ್ ಹೆಸಿಟೆನ್ಸಿ’ ಎಂಬಲ್ಲಿ. ನಮ್ಮ ಪತ್ರಿಕೆಗಳಲ್ಲಿ ‘ಲಸಿಕೆ ಹಿಂಜರಿಕೆ’, ‘ಲಸಿಕೆಗೆ ಹಿಂದೇಟು’, ‘ಲಸಿಕೆ ವಿರೋಧ’ ಮೂರನ್ನೂ ನೋಡಿದ್ದೇನೆ. ಒಮ್ಮೊಮ್ಮೆ ಒಂದೇ ವರದಿಯ ತಲೆಬರಹದಲ್ಲಿ ಒಂದಿದ್ದರೆ ಒಡಲಲ್ಲಿ ಇನ್ನೊಂದಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಕೊಟ್ಟಿರುವ ವ್ಯಾಖ್ಯೆಯ ಪ್ರಕಾರ, ಲಸಿಕೆ ಕೈಗೆ ಸಿಗುವಂತಿದ್ದರೂ ಅದನ್ನು ಮುಂದೂಡುವುದು ಮತ್ತು ಬೇಡವೆನ್ನುವುದು ಎರಡೂ ಈ ಮಾತಿನೊಳಗೆ ಬರುತ್ತವೆ. ಎರಡನ್ನೂ ಹಿಡಿಯುವ, ಆದರೆ ಓದಿದ ತಾಯಿಗೆ ಬೈದಂತೆ ಕೇಳಿಸದ ಪದ ಬೇಕು. ಇನ್ನೊಂದು, ಒಂದೆಡೆ ರೋಗ ದಿಢೀರನೆ ಹಬ್ಬುವುದನ್ನು ಹೇಳುವ ‘ಔಟ್‌ಬ್ರೇಕ್’ ಎಂಬುದಕ್ಕೆ ‘ಸ್ಫೋಟ’ ಎಂದು ಬರೆಯಲು ಮನಸ್ಸು ಬರುತ್ತಿಲ್ಲ. ದಯವಿಟ್ಟು ಸೂಚಿಸಿ.

ಮಲ್ಲೇಶ್ವರದಿಂದ:

‘ಹಿಂದೇಟು’ ಹಾಕಿ ಮುಗಿಸಿ. ತಲೆಬರಹದಲ್ಲಿ ಹಿಡಿಯುತ್ತದೆ, ಓದುಗರಿಗೆ ತಿಳಿಯುತ್ತದೆ. ‘ಸ್ಫೋಟ’ವೂ ಇರಲಿ. ಕೊರೊನಾ ಕಾಲದಲ್ಲಿ ಬೆಳಗಾದರೆ ಬರೆದೆವು, ಬಾಂಬ್ ಬಿತ್ತೆಂದು ಯಾರೂ ಓಡಲಿಲ್ಲ.

ಬಸವನಗುಡಿಯಿಂದ:

ಪತ್ರಕರ್ತ ಮಿತ್ರರ ಅವಸರ ಅರ್ಥವಾಗುತ್ತದೆ; ಆದರೆ ಅಂಕಣದ ಅಗಲ ನೋಡಿ ಪದ ಆರಿಸುವ ಪದ್ಧತಿಯನ್ನು ಇಲ್ಲಿಗೂ ತರಬೇಕಾಗಿಲ್ಲ. ‘ಹಿಂದೇಟು’ ಸಲ್ಲದು. ಕೊಟ್ಟ ಮಾತಿಗೆ, ಹೊತ್ತ ಹೊಣೆಗೆ, ತೀರಿಸಬೇಕಾದ ಸಾಲಕ್ಕೆ ಹಿಂದೇಟು ಹಾಕುತ್ತಾರೆ. ಮಾಡಬೇಕೆಂದು ಗೊತ್ತಿದ್ದೂ ನುಣುಚಿಕೊಳ್ಳುವವನ ಮೇಲಿನ ದೂರು ಆ ಮಾತಿನೊಳಗೆ ಕುಳಿತಿದೆ. ಮಗುವಿಗೆ ಜ್ವರ ಬಂದೀತೆಂದು ಹೆದರಿದ ತಾಯಿಯ ಮೇಲೆ ಆ ದೂರನ್ನು ಹೊರಿಸಬಾರದು.

‘ಹಿಂಜರಿ’ ಎಂಬ ಧಾತುವಾದರೋ ನಿರ್ದೋಷಿ. ‘ಮುನ್’ ಮತ್ತು ‘ಸೆರಗು’ ಕೂಡಿ ‘ಮುಂಜೆರಗು’ ಆದಂತೆ ‘ಹಿನ್’ ಮತ್ತು ‘ಸರಿ’ ಕೂಡಿ ‘ಹಿಂಜರಿ’ ಆಗಿದೆ. ಸಕಾರಕ್ಕೆ ಜಕಾರ ಆದೇಶ. ಹಿಂದಕ್ಕೆ ಸರಿದವನು ಮತ್ತೆ ಮುಂದಕ್ಕೂ ಸರಿಯಬಲ್ಲ ಎಂಬ ಅವಕಾಶ ಈ ಪದದಲ್ಲಿದೆ. ಆದರೆ ಎರಡು ಎಚ್ಚರಿಕೆಗಳು. ‘ಹಿಂಜರಿತ’ ಎಂದು ಬರೆಯಬೇಡಿ. ಆ ರೂಪವನ್ನು ‘ಆರ್ಥಿಕ ಹಿಂಜರಿತ’ದವರು ಕೊಂಡೊಯ್ದು ಬಹಳ ಕಾಲವಾಯಿತು, ‘ಲಸಿಕಾ ಹಿಂಜರಿತ’ ಎಂದರೆ ಲಸಿಕೆಯ ವ್ಯಾಪಾರ ಬಿದ್ದುಹೋಯಿತೆಂದು ಓದುತ್ತಾರೆ. ‘ಲಸಿಕೆ ಹಿಂಜರಿಕೆ’ ಎಂಬ ಸಮಾಸವೂ ಕೂಡದು. ಅದನ್ನು ಬಿಡಿಸಿದರೆ ‘ಲಸಿಕೆಯ ಹಿಂಜರಿಕೆ’ ಆಗುತ್ತದೆ, ಹಿಂಜರಿಯುತ್ತಿರುವುದು ಲಸಿಕೆಯೇ ಎಂಬಂತೆ. ‘ಲಸಿಕೆಯ ಬಗೆಗಿನ ಹಿಂಜರಿಕೆ’ ಎನ್ನಿ. ಉದ್ದವಾಯಿತೆಂದು ಮಲ್ಲೇಶ್ವರದವರು ಮುನಿಸಿಕೊಂಡರೆ ಮುನಿಸಿಕೊಳ್ಳಲಿ.

ವಿಜಯನಗರದಿಂದ:

‘ಜರಿ’ ಎಂಬುದೇ ಕನ್ನಡದ ಸ್ವತಂತ್ರ ಧಾತು. ಗುಡ್ಡ ಜರಿಯುತ್ತದೆ, ದಂಡೆ ಜರಿಯುತ್ತದೆ. ಎಲ್ಲದಕ್ಕೂ ಆದೇಶಸಂಧಿಯನ್ನು ಎಳೆದು ತರುವ ಅಗತ್ಯವಿಲ್ಲ. ಅದಿರಲಿ, ಹಿಂಜರಿಕೆಯನ್ನು ಇಷ್ಟು ಕೂಲಂಕಷವಾಗಿ ಸೋಸಿದ ಮೇಷ್ಟ್ರು ಅದರ ಪಕ್ಕದಲ್ಲೇ ಕುಳಿತಿರುವ ‘ಲಸಿಕೆ’ಯನ್ನು ಹೇಗೆ ಬಿಟ್ಟರು? ಅದು ಸಂಸ್ಕೃತದ ‘ಲಸೀಕಾ’. ಮೈಯೊಳಗಿನ ನೀರಿನಂತಹ ರಸಕ್ಕೆ ಇರುವ ಹೆಸರು. ನಮ್ಮ ತಾಯಂದಿರಿಗೂ ಆ ಪದಕ್ಕೂ ಏನು ನಂಟು? ತಮಿಳರು ‘ತಡುಪ್ಪೂಸಿ’ ಎಂದು ತಮ್ಮದೇ ಬೇರಿನಿಂದ ಕಟ್ಟಿಕೊಂಡರು. ತಡೆಯುವ ಸೂಜಿ, ಕೇಳಿದ ಕೂಡಲೇ ತಿಳಿಯುತ್ತದೆ. ನಮ್ಮಲ್ಲಿ ‘ಚುಚ್ಚುಮದ್ದು’ ಇದೆ. ಫಲಕಕ್ಕೆ ಅದೇ ಸಾಕು. ತಿಳಿಯದ ಹೆಸರಿನ ಮದ್ದಿಗೆ ಜನ ಹಿಂಜರಿಯದೆ ಇನ್ನೇನು ಮಾಡಿಯಾರು?

ಬಸವನಗುಡಿಯಿಂದ:

ಪೋಲಿಯೋ ಹನಿಯನ್ನು ಎಲ್ಲಿ ಚುಚ್ಚುತ್ತೀರಿ?

ವಿಜಯನಗರದಿಂದ:

ಹಾಗಾದರೆ ‘ತಡೆಮದ್ದು’ ಎನ್ನಿ. ಕುಹಕ ಉತ್ತರವಲ್ಲ.

ಬಸವನಗುಡಿಯಿಂದ:

ಗರ್ಭ ತಡೆಯುವುದಕ್ಕೂ ಮದ್ದಿದೆ, ವಾಂತಿ ತಡೆಯುವುದಕ್ಕೂ ಮದ್ದಿದೆ. ಮನೆಯಲ್ಲಿ ಕುಳಿತು ಕಟ್ಟಿದ ಪದಕ್ಕೂ ಜನರ ಬಾಯಲ್ಲಿ ಬೆಳೆದ ಪದಕ್ಕೂ ಅಂತರವಿದೆ. ನಿಮಗೆ ದೇಸಿಯೇ ಬೇಕೆಂದರೆ ನಮ್ಮ ಅಜ್ಜಿಯಂದಿರು ‘ದಾಕು ಹಾಕಿಸುವುದು’ ಎನ್ನುತ್ತಿದ್ದರು. ‘ದೇವಿ ಹಾಕಿಸುವುದು’ ಎನ್ನುವವರೂ ಇದ್ದರು. ಸಿಡುಬು ತರುವವಳೂ ದೇವಿ, ಸಿಡುಬನ್ನು ತಡೆಯಲು ತೋಳಿಗೆ ಹಾಕಿಸಿಕೊಳ್ಳುವುದೂ ದೇವಿ. ರೋಗಕ್ಕೂ ಅದರ ತಡೆಗೂ ಒಂದೇ ಹೆಸರಿಟ್ಟು ಯಾರ ಮನಸ್ಸನ್ನೂ ನೋಯಿಸದೆ ಕೆಲಸ ಸಾಧಿಸಿದ ಆ ಜಾಣತನದ ಮುಂದೆ ನಮ್ಮ ಪದಕೋಶ ಸಮಿತಿಗಳು ಏನೂ ಅಲ್ಲ. 1980ರಲ್ಲಿ ಸಿಡುಬು ಜಗತ್ತಿನಿಂದಲೇ ನಿರ್ಮೂಲವಾಯಿತೆಂದು ಘೋಷಿಸಿದರು. ಅದರ ಹಿಂದೆಯೇ ಈ ಮಾತುಗಳೂ ಹೋದವು. ಈಗ ‘ದಾಕು’ ಎಂದರೆ ನನ್ನ ಮೊಮ್ಮಗಳಿಗೂ ತಿಳಿಯದು. ‘ಲಸಿಕೆ’ ಎಂದರೆ ತಿಳಿಯುತ್ತದೆ.

ಪೀಣ್ಯದಿಂದ:

ನಾನು ಧಾರವಾಡದ ಕಡೆಯವನು, ಕೆಲಸಕ್ಕಾಗಿ ಇಲ್ಲಿದ್ದೇನೆ. ಲಸಿಕೆಯ ಮಾತು ಹಾಗಿರಲಿ, ರೋಗದ ಹೆಸರನ್ನೇ ಇನ್ನೂ ಯಾರೂ ಪ್ರಶ್ನಿಸಿಲ್ಲವಲ್ಲ. ಈ ಭಾಗದ ಕಾರ್ಖಾನೆಗಳಲ್ಲಿ ನಮ್ಮ ಕಡೆಯ ಕುಟುಂಬಗಳು ಬಹಳ ಇವೆ. ಅವರ ಮನೆಗಳಲ್ಲಿ ‘ದಡಾರ’ ಎನ್ನುವುದಿಲ್ಲ, ‘ಗೊಬ್ಬರ’ ಎನ್ನುತ್ತಾರೆ. ‘ಕೂಸಿಗೆ ಗೊಬ್ಬರ ಎದ್ದಾವ’ ಎನ್ನುವುದು ಸಾಮಾನ್ಯ ಮಾತು. ಮರಾಠಿಯ ‘ಗೋವರ’ ಇದರ ನೆಂಟ. ಫಲಕದಲ್ಲಿ ಆ ಪದವೂ ಇರಲಿ ಎಂದು ಮೇಡಂ ಅವರಲ್ಲಿ ಕೋರಿಕೆ.

ಮಲ್ಲೇಶ್ವರದಿಂದ:

ಆರೋಗ್ಯ ಕೇಂದ್ರದ ಗೋಡೆಯ ಮೇಲೆ ‘ಗೊಬ್ಬರ’ ಎಂದು ಬರೆದರೆ ಬೆಂಗಳೂರಿನವರು ಕೃಷಿ ಇಲಾಖೆಯ ಕಚೇರಿ ಯಾವಾಗ ಇಲ್ಲಿಗೆ ಬಂತೆಂದು ಕೇಳುತ್ತಾರೆ. ‘ಮೀಸಲ್ಸ್’ ಎಂದು ಹಾಕಿ. ತಾಯಿ ಕಾರ್ಡ್ ಹಿಡಿದ ಎಲ್ಲರಿಗೂ ಗೊತ್ತು.

ಪೀಣ್ಯದಿಂದ:

ಇಂಗ್ಲಿಷಿನ ಸಾಲ ಸಲೀಸು, ಮರಾಠಿಯ ನೆಂಟಸ್ತಿಕೆ ಮಾತ್ರ ನಗೆಪಾಟಲು. ಈ ನ್ಯಾಯ ಬೆಂಗಳೂರಿಗೇ ಮೀಸಲು.

ವಿಜಯನಗರದಿಂದ:

ಪೀಣ್ಯದವರ ಮಾತಿಗೆ ನನ್ನ ಒಪ್ಪಿಗೆ ಇದೆ. ತೆಲುಗರಿಗೆ ‘ತಟ್ಟು’, ತಮಿಳರಿಗೆ ‘ತಟ್ಟಮ್ಮೈ’. ನಮ್ಮ ‘ದಡಾರ’ವೂ ಇದೇ ಬಳ್ಳಿಯದೆಂದು ನನ್ನ ಊಹೆ. ನಾಲ್ಕೂ ದಿಕ್ಕಿನಲ್ಲಿ ಜನರು ತಮ್ಮ ಪದಗಳನ್ನು ಇಟ್ಟುಕೊಂಡಿರುವಾಗ ‘ಮೀಸಲ್ಸ್’ ಏಕೆ?

ಬಸವನಗುಡಿಯಿಂದ:

ಊಹೆಗೆ ಆಧಾರವಿಲ್ಲ. ‘ದದ್ದು’ವಿನ ಕಡೆಯೂ ಒಮ್ಮೆ ನೋಡಿ. ಅದು ಸಂಸ್ಕೃತದ ‘ದದ್ರು’ವಿನ ತದ್ಭವವೆಂಬ ಕಾರಣಕ್ಕೆ ತಾವು ನೋಡಲಾರಿರಿ ಎಂಬುದೂ ಗೊತ್ತು.

ಯಲಹಂಕದಿಂದ:

ನಾನು ಮಕ್ಕಳ ವೈದ್ಯ. ವ್ಯಾಕರಣದಲ್ಲಿ ನನಗೆ ಮಾತಿಲ್ಲ. ಆದರೆ ಕೇಳಿದವರಿಗೆ ನಾಳೆ ಸಂಜೆಯೊಳಗೆ ಉತ್ತರ ಬೇಕು. ಅವರು ಕೇಳಿದ್ದನ್ನು ಬಿಟ್ಟು ಉಳಿದದ್ದೆಲ್ಲವೂ ಚರ್ಚೆಯಾಗಿದೆ.

ಮೊದಲು ‘ಲಸಿಕೆ’. ವಿಜಯನಗರದವರು ಹೇಳಿದ ಅರ್ಥ ಸರಿ, ತೆಗೆದ ತೀರ್ಮಾನ ಸರಿಯಲ್ಲ. ಸಿಡುಬಿನ ಕಾಲದಲ್ಲಿ ಕರುವಿನ ಮೈಮೇಲಿನ ಗುಳ್ಳೆಯಿಂದ ತೆಗೆದು ತೋಳಿಗೆ ಹಾಕುತ್ತಿದ್ದ ದ್ರವವನ್ನು ಇಂಗ್ಲಿಷಿನವರೂ ‘ಲಿಂಫ್’ ಎಂದೇ ಕರೆಯುತ್ತಿದ್ದರು, ‘ಲಸೀಕಾ’ ಎಂದರೂ ಅದೇ. ಇಂದಿನ ದಡಾರದ ಲಸಿಕೆಯಲ್ಲಿರುವುದು ಬಲ ತಗ್ಗಿಸಿದ ಜೀವಂತ ವೈರಸ್ಸು, ಅದಕ್ಕೂ ಕರುವಿಗೂ ಸಂಬಂಧವಿಲ್ಲ. ಪದ ಮಾತ್ರ ಉಳಿದಿದೆ, ಉಳಿಯಲಿ. ಒಂದು ವಿಷಯವನ್ನು ಮಾತ್ರ ನೆನಪಿಡಿ: ನನ್ನ ಮುಂದೆ ಕುಳಿತುಕೊಳ್ಳುವ ತಾಯಂದಿರಲ್ಲಿ ಬಹಳ ಮಂದಿ ‘ಲಸಿಕೆ’ಯನ್ನೂ ಹೇಳುವುದಿಲ್ಲ, ‘ಚುಚ್ಚುಮದ್ದ’ನ್ನೂ ಹೇಳುವುದಿಲ್ಲ, ‘ಒಂಬತ್ತು ತಿಂಗಳ ಇಂಜೆಕ್ಷನ್’ ಎನ್ನುತ್ತಾರೆ. ರೋಗದ ಹೆಸರಿಗಿಂತ ಮಗುವಿನ ವಯಸ್ಸೇ ಅವರಿಗೆ ಗುರುತು.

ಇನ್ನು ‘ಹಿಂಜರಿಕೆ’. ವ್ಯಾಖ್ಯೆಯಲ್ಲಿ ‘ಕೈಗೆ ಸಿಗುವಂತಿದ್ದರೂ’ ಎಂಬ ಮಾತಿದೆಯಲ್ಲ, ಅದನ್ನು ಎಲ್ಲರೂ ಹಾರಿಸಿಬಿಟ್ಟಿದ್ದೀರಿ. ಕಟ್ಟಡದ ಕೆಲಸಕ್ಕೆಂದು ಬಂದು, ಒಂದು ಶೆಡ್ಡಿನಿಂದ ಇನ್ನೊಂದಕ್ಕೆ ಹೋಗುತ್ತಾ, ಒಂದು ದಿನದ ಕೂಲಿ ಬಿಟ್ಟು ಬರಲಾಗದ ದಂಪತಿಯ ಮಗುವಿಗೆ ಎರಡನೆಯ ಡೋಸ್ ತಪ್ಪಿದರೆ ಅದು ಹಿಂಜರಿಕೆಯಲ್ಲ, ಹಿಂದೇಟಂತೂ ಅಲ್ಲವೇ ಅಲ್ಲ. ಅವರ ಮನಸ್ಸಿನಲ್ಲಿ ಯಾವ ಅನುಮಾನವೂ ಇಲ್ಲ. ಅವರಿಗೆ ಬೇಕಾದದ್ದು ಸಂಜೆಯ ವೇಳೆಯಲ್ಲಿ ತೆರೆದಿರುವ ಬಾಗಿಲು. ಎರಡನೆಯವರು ನಿಜವಾಗಿ ಅಳುಕುವವರು. 2017ರ ಫೆಬ್ರವರಿಯಲ್ಲಿ ಕರ್ನಾಟಕವೂ ಸೇರಿ ಐದು ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳಲ್ಲಿ ದಡಾರ-ರುಬೆಲ್ಲಾ ಅಭಿಯಾನ ಶುರುವಾದಾಗ, ಒಂಬತ್ತು ತಿಂಗಳಿನಿಂದ ಹದಿನೈದು ವರ್ಷದೊಳಗಿನ ಮಕ್ಕಳಿಗೆ ಶಾಲೆಗಳಲ್ಲೇ ಲಸಿಕೆ ಹಾಕುವುದಿತ್ತು. ಆಗ ವಾಟ್ಸ್ಆ್ಯಪ್‌ನಲ್ಲಿ ಹರಿದಾಡಿದ ಸಂದೇಶಗಳನ್ನು ಓದಿ ಎಷ್ಟೋ ಪಾಲಕರು ಮಕ್ಕಳನ್ನು ಆ ದಿನ ಶಾಲೆಗೆ ಕಳಿಸಲಿಲ್ಲ. ಅವರಲ್ಲಿ ಬಹುತೇಕರನ್ನು ಕೂರಿಸಿಕೊಂಡು ಮಾತನಾಡಿಸಿದರೆ ಒಪ್ಪುವವರೇ. ಮೂರನೆಯವರು ವಿರೋಧಿಗಳು. ಇವರು ಕಡಿಮೆ, ಆದರೆ ಗಟ್ಟಿಯಾಗಿ ಮಾತನಾಡುತ್ತಾರೆ. 1998ರಲ್ಲಿ ಬಂದು 2010ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯೇ ಹಿಂತೆಗೆದುಕೊಂಡ, ದಡಾರದ ಲಸಿಕೆಗೂ ಆಟಿಸಂಗೂ ನಂಟು ಕಲ್ಪಿಸಿದ್ದ ಲೇಖನವನ್ನು ಈಗಲೂ ಮೊಬೈಲಿನಲ್ಲಿ ತೆಗೆದು ತೋರಿಸುವವರಿದ್ದಾರೆ. ಈ ಮೂವರಿಗೂ ಒಂದೇ ಪದ ಹಚ್ಚಿದರೆ ಮೊದಲಿನವರಿಗೆ ಅನ್ಯಾಯ, ಕೊನೆಯವರಿಗೆ ಅನುಕೂಲ.

‘ಸ್ಫೋಟ’ದ ಬಗ್ಗೆ. ಅಮೆರಿಕದಲ್ಲಿ ಒಂದಕ್ಕೊಂದು ನಂಟಿರುವ ಮೂರು ಪ್ರಕರಣಗಳು ಸಿಕ್ಕರೆ ಸಾಕು, ಅದನ್ನು ‘ಔಟ್‌ಬ್ರೇಕ್’ ಎಂದು ಲೆಕ್ಕ ಹಾಕುತ್ತಾರೆ. ಮೂರು ಮಕ್ಕಳಿಗೆ ರೋಗ ಬಂದದ್ದನ್ನು ‘ಸ್ಫೋಟ’ ಎಂದರೆ ಅತಿಯಾಗುತ್ತದೆ. ಹಾಗೆಂದು ಹಗುರವಾಗಿಯೂ ನೋಡುವಂತಿಲ್ಲ. ರೋಗಿ ಎದ್ದುಹೋದ ಕೋಣೆಯ ಗಾಳಿಯಲ್ಲಿ ಈ ವೈರಸ್ಸು ಎರಡು ಗಂಟೆಯವರೆಗೂ ಇರಬಲ್ಲದು. ರಕ್ಷಣೆಯಿಲ್ಲದ ಹತ್ತು ಮಂದಿ ಹತ್ತಿರವಿದ್ದರೆ ಒಂಬತ್ತು ಮಂದಿಗೆ ತಗುಲುತ್ತದೆ. ಆದ್ದರಿಂದಲೇ ನೂರಕ್ಕೆ 95 ಮಕ್ಕಳಿಗೆ ಎರಡೂ ಡೋಸ್ ಆಗಿರಬೇಕು ಎನ್ನುತ್ತೇವೆ. ನಾಮಪದವನ್ನು ಹುಡುಕುವ ಬದಲು ‘ದಡಾರ ಹಬ್ಬುತ್ತಿದೆ’ ಎಂದು ಕ್ರಿಯಾಪದ ಬಳಸಿದರೆ ನನ್ನಂಥವನಿಗೂ ಸಮಾಧಾನ.

ಮಲ್ಲೇಶ್ವರದಿಂದ:

ಡಾಕ್ಟರೇ, ಮೂರು ಬಗೆಯವರಿಗೆ ಮೂರು ಪದ ಎಂದರೆ ಲೇಖನ ಓದುವವರಾರು? ಓದುಗರಿಗೆ ಒಂದು ಹೆಸರು ಬೇಕು.

ಯಲಹಂಕದಿಂದ:

ಓದುಗರಿಗೆ ಬೇಕಾದದ್ದು ಹೆಸರಲ್ಲ, ವ್ಯತ್ಯಾಸ. ಟೆಕ್ಸಾಸಿನಲ್ಲಿ ಪತ್ರಕ್ಕೆ ಸಹಿ ಹಾಕಿ ಬೇಡವೆಂದವರನ್ನೂ ಯಲಹಂಕದಲ್ಲಿ ಬಸ್ಸು ತಪ್ಪಿಸಿಕೊಂಡವರನ್ನೂ ಒಂದೇ ತಲೆಬರಹದ ಕೆಳಗೆ ಕೂರಿಸುವುದು ವೈದ್ಯಕೀಯವೂ ಅಲ್ಲ, ಕನ್ನಡವೂ ಅಲ್ಲ.

ಬಸವನಗುಡಿಯಿಂದ:

ವೈದ್ಯರು ‘ಅಳುಕು’ ಎಂದು ಹಾಗೆಯೇ ಆಡಿಬಿಟ್ಟ ಮಾತನ್ನು ಹಿಡಿದುಕೊಳ್ಳಿ. ಹಿಂಜರಿಕೆ ಹೊರಗಿನವರಿಗೆ ಕಾಣುವ ನಡೆ. ಅಳುಕು ಒಳಗಿನ ಭಾವ. ಲೇಖನದಲ್ಲಿ ನಡೆಯನ್ನು ವರ್ಣಿಸುವಲ್ಲಿ ‘ಹಿಂಜರಿಕೆ’, ಫಲಕದಲ್ಲಿ ತಾಯಿಯನ್ನೇ ಮಾತನಾಡಿಸುವಲ್ಲಿ ‘ಅಳುಕು’. ‘ನಿಮಗೆ ಹಿಂಜರಿಕೆಯೇ?’ ಎಂದು ಕೇಳಿದರೆ ಆಕೆ ಇಲ್ಲವೆನ್ನುತ್ತಾಳೆ, ‘ಅಳುಕಿದೆಯೇ?’ ಎಂದರೆ ತಲೆಯಾಡಿಸುತ್ತಾಳೆ. ಅಳುಕು ಅಚ್ಚಗನ್ನಡವೇ ಆದ್ದರಿಂದ ವಿಜಯನಗರದವರೂ ತಕರಾರು ತೆಗೆಯಲಾರರು.

ರಾಜಾಜಿನಗರದಿಂದ:

ಎಲ್ಲರಿಗೂ ಕೃತಜ್ಞತೆಗಳು. ಲೇಖನದಲ್ಲಿ ಮುಂದೂಡಿದವರಿಗೆ ‘ಹಿಂಜರಿದವರು’, ಸಹಿ ಮಾಡಿ ಬೇಡವೆಂದವರಿಗೆ ‘ನಿರಾಕರಿಸಿದವರು’ ಎಂದು ಬೇರೆಬೇರೆಯಾಗಿಯೇ ಇಡುತ್ತೇನೆ. ಎರಡೂ ಕೂಡಿ ಬರುವ ಒಂದೆರಡು ಕಡೆ ‘ಹಿಂಜರಿಕೆ ಮತ್ತು ನಿರಾಕರಣೆ’ ಎಂದು ಬಿಡಿಸಿ ಬರೆಯುತ್ತೇನೆ. ‘ಸ್ಫೋಟ’ ಇರುವುದಿಲ್ಲ. ಫಲಕದ ಸಾಲುಗಳು ಹೀಗಿವೆ:

‘ಮಗುವಿಗೆ ಜ್ವರ ಬಂದು ಮೈಮೇಲೆ ಕೆಂಪು ದದ್ದು ಎದ್ದಿದೆಯೇ? ಅದು ದಡಾರ (ಗೊಬ್ಬರ, ಮೀಸಲ್ಸ್) ಆಗಿರಬಹುದು. ಒಂಬತ್ತು ತಿಂಗಳಿಗೆ ಒಮ್ಮೆ, ಒಂದೂವರೆ ವರ್ಷದ ಹೊತ್ತಿಗೆ ಮತ್ತೊಮ್ಮೆ ಇದರ ಲಸಿಕೆಯನ್ನು ಪಡೆಯಿರಿ. ತಪ್ಪಿಹೋಗಿದ್ದರೆ ಐದು ವರ್ಷದವರೆಗೂ ಇಲ್ಲಿ ಹಾಕುತ್ತೇವೆ. ಅಳುಕಿದ್ದರೆ ಒಳಗೆ ಬಂದು ಕೇಳಿ.’

ಬಸವನಗುಡಿಯಿಂದ:

‘ಲಸಿಕೆಯನ್ನು ಪಡೆಯಿರಿ’ ಎಂಬುದು ಇಂಗ್ಲಿಷಿನ ನೆರಳು. ಪಡೆಯುವುದು ಪದವಿ, ಪ್ರಶಸ್ತಿ. ಅಲ್ಲದೆ ಒಂಬತ್ತು ತಿಂಗಳಿನವರು ಫಲಕ ಓದುವುದಿಲ್ಲ. ‘ಮಗುವಿಗೆ ಲಸಿಕೆ ಹಾಕಿಸಿ’ ಎಂದು ತಿದ್ದಿ.

ವಿಜಯನಗರದಿಂದ:

ಕೊನೆಗೂ ‘ಲಸಿಕೆ’ ಉಳಿದುಬಿಟ್ಟಿತು. ನನ್ನ ಆಕ್ಷೇಪ ದಾಖಲಾಗಿರಲಿ.

ಬಸವನಗುಡಿಯಿಂದ:

ಆಕ್ಷೇಪ ಸಂಸ್ಕೃತ, ದಾಖಲು ಅರಬ್ಬಿ. ದಾಖಲಾಗಿದೆ.

ಯಲಹಂಕದಿಂದ:

ಮೇಡಂ, ಕೆಳಗೆ ಲಸಿಕೆ ಹಾಕುವ ವಾರವನ್ನೂ ವೇಳೆಯನ್ನೂ ದಪ್ಪ ಅಕ್ಷರದಲ್ಲಿ ಹಾಕಿಸಿ. ‘ತಾಯಿ ಕಾರ್ಡ್ ತನ್ನಿ, ಕಳೆದುಹೋಗಿದ್ದರೆ ಹಾಗೆಯೇ ಬನ್ನಿ’ ಎಂಬ ಸಾಲೂ ಇರಲಿ. ಕಾರ್ಡ್ ಇಲ್ಲವೆಂದು ಬೈಯುತ್ತಾರೆಂಬ ಭಯಕ್ಕೇ ಬಾರದವರು ಬಹಳ ಇದ್ದಾರೆ.